ಬೌದ್ಧಿಕ ಅಂಗವೈಕಲ್ಯ ಇರುವವರನ್ನು ಸಂಶೋಧನೆಯಲ್ಲಿ ಜೊತೆಗೆ ಸೇರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬೌದ್ಧಿಕ ಅಂಗವೈಕಲ್ಯ ಇರುವ ದೊಡ್ಡವರು ಸಿಟಿ ಬಸ್ಸಿನಲ್ಲಿ ಹೇಗೆ ಓಡಾಡುತ್ತಾರೆ ಅನ್ನೋದು ವಿಷಯ. ಸುಮ್ನೆ ಪ್ರಶ್ನೆ ಕೇಳಿ ಬರುವ ಬದಲು ಇಬ್ಬರು ಮೂವರನ್ನು ಜೊತೆಗಾರರಾಗಿ ಸೇರಿಸಿಕೊಂಡೇ ಮಾಡಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ.

ಉತ್ತರ 1 (ಇಂಥ ತಂಡದಲ್ಲಿ ಇದ್ದವಳು): ಪ್ರಶ್ನಾವಳಿ ಆಮೇಲೆ ಬರೆಯಿರಿ. ಮೊದಲು ಅವರ ಜೊತೆ ಬಸ್ಸು ಹತ್ತಿ. ನಮ್ಮ ತಂಡದಲ್ಲಿದ್ದ ಒಬ್ಬರು, ಶಕ್ತಿ ಯೋಜನೆ ಬಂದ ಮೇಲೆ, ಆಧಾರ್ ಕಾರ್ಡನ್ನು ತಾವೇ ತೆಗೆದು ಕಂಡಕ್ಟರ್ ಮುಂದೆ ಹಿಡಿದರು. ಆತ ಅವರ ಮುಖವನ್ನೂ ನೋಡದೆ ‘ಇವಳು ಎಲ್ಲಿಗಮ್ಮಾ?’ ಅಂತ ನನ್ನನ್ನು ಕೇಳಿ, ಟಿಕೆಟನ್ನೂ ನನ್ನ ಕೈಗೇ ಹರಿದುಕೊಟ್ಟ. ಇಳಿದ ಮೇಲೆ ಅವರು ಹೇಳಿದ್ದು: ‘ಟಿಕೆಟ್ ಯಾರ ಕೈಗೆ ಕೊಡ್ತಾರೆ ಅಂತ ಎಲ್ಲರನ್ನೂ ಕೇಳೋಣ.’ ನಮ್ಮ ಪಟ್ಟಿಯ ಮೊದಲ ಪ್ರಶ್ನೆ ಅದೇ ಆಯಿತು. ನಾವು ಎಷ್ಟು ಓದಿದ್ದರೂ ಅದು ನಮಗೆ ಹೊಳೆಯುತ್ತಿರಲಿಲ್ಲ ಬಿಡಿ.

ಇನ್ನೊಂದು. ಏನು ಕೇಳಿದರೂ ಹೌದು ಅನ್ನುವವರು ಜಾಸ್ತಿ. ಚಿಕ್ಕಂದಿನಿಂದ ಹೌದು ಅಂದರೇ ಜಾಣ ಅಂತ ಹೊಗಳಿಸಿಕೊಂಡು ಬೆಳೆದಿರುತ್ತಾರೆ, ಅಲ್ವಾ? ಹಾಗಾಗಿ ಎರಡು ಫೋಟೋ ಇಟ್ಟು ಯಾವುದು ಅಂತ ಕೇಳಿ. ಸ್ವಲ್ಪ ಹೊತ್ತು ಬಿಟ್ಟು ಎಡಬಲವನ್ನೂ ಕೇಳುವ ಕ್ರಮವನ್ನೂ ಬದಲಿಸಿ ಮತ್ತೆ ಕೇಳಿ, ಯಾಕೆಂದರೆ ಕೆಲವರು ಕೊನೆಗೆ ಕೇಳಿದ್ದನ್ನೇ ಆರಿಸಿಬಿಡುತ್ತಾರೆ.

ಉತ್ತರ 2: ನಾನು ಅಮ್ಮ, ಮಗನಿಗೆ 26. ಸಂಶೋಧನೆ ಅಂತ ಬಂದವರೆಲ್ಲ ನನ್ನ ಹತ್ತಿರ ಸಹಿ ಹಾಕಿಸಿಕೊಂಡು, ಅವನ ಕೈಗೆ ಬಿಸ್ಕತ್ತು ಕೊಟ್ಟು ಹೋಗಿದ್ದಾರೆ. ನೀವು ದುಡ್ಡು ಕೊಡಿ. ಖಾತೆ ಯಾರ ಹೆಸರಲ್ಲಿದೆ, ಪಿಂಚಣಿಗೆ ತೊಂದರೆ ಆಗುತ್ತದಾ ಅಂತ ಮನೆಯವರ ಜೊತೆ ಮೊದಲೇ ಮಾತಾಡಿ. ಆದರೆ ಅವನ ಜೊತೆ ಮಾತಾಡುವಾಗ ನನ್ನನ್ನು ಆಚೆ ಕಳಿಸಿ. ನಾನು ಪಕ್ಕದಲ್ಲಿದ್ದರೆ ನನ್ನ ಮುಖ ನೋಡಿಕೊಂಡೇ ಉತ್ತರ ಕೊಡುತ್ತಾನೆ. ‘ಇವತ್ತು ಸಾಕು’ ಅನ್ನೋಕೆ ಒಂದು ಕೆಂಪು ಕಾರ್ಡ್ ಕೊಟ್ಟಿರಿ, ಬಾಯಿಬಿಟ್ಟು ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಉತ್ತರ 3: ಅಂಗವಿಕಲರ ಹಕ್ಕುಗಳ ಕಾಯ್ದೆ 2016, ಸೆಕ್ಷನ್ 6 ಓದಿಕೊಳ್ಳಿ. ಅಂಗವೈಕಲ್ಯ ಇರುವವರ ಮೇಲೆ ಸಂಶೋಧನೆ ಮಾಡುವುದಾದರೆ, ಅವರಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ ಅವರದೇ ಒಪ್ಪಿಗೆ ಪಡೆಯಬೇಕು. ಜೊತೆಗೆ ರಾಜ್ಯ ಸರ್ಕಾರ ರಚಿಸುವ ಸಮಿತಿಯ ಅನುಮತಿಯೂ ಬೇಕು, ಆ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಅಂಗವೈಕಲ್ಯ ಇರುವವರು ಅಥವಾ ಈ ಕ್ಷೇತ್ರದ ನೋಂದಾಯಿತ ಸಂಘಟನೆಗಳ ಸದಸ್ಯರಾಗಿರಬೇಕು. ನಿಮ್ಮ ಎಥಿಕ್ಸ್ ಕಮಿಟಿ (ಸಂಶೋಧನೆಯ ನೈತಿಕತೆ ನೋಡುವ ಸಮಿತಿ) ‘ಅಪ್ಪ ಅಮ್ಮನ ಸಹಿ ಸಾಕು’ ಅಂದರೆ ಈ ಸೆಕ್ಷನ್ ತೋರಿಸಿ. ಒಪ್ಪಿಗೆ ಪತ್ರ ದಪ್ಪ ಅಕ್ಷರದಲ್ಲಿರಲಿ, ಒಂದು ವಾಕ್ಯಕ್ಕೆ ಒಂದು ಚಿತ್ರ. ಓದಲು ಬಾರದವರಿಗೆ ಅದನ್ನೇ ಆಡಿಯೋ ಮಾಡಿ ಕೇಳಿಸಿ.

ಉತ್ತರ 1 ಮತ್ತೆ: ಹೇಳೋದು ಬಿಟ್ಟೆ. ಮಾಹಿತಿ ಸಂಗ್ರಹಿಸುವ ತನಕ ಜೊತೆಗಿಟ್ಟುಕೊಂಡು, ವಿಶ್ಲೇಷಣೆ ಬಂದಾಗ ಮನೆಗೆ ಕಳಿಸುವವರೇ ಹೆಚ್ಚು. ಅದಕ್ಕೆ ಜೊತೆಗಾರಿಕೆ ಅನ್ನೋಕೆ ನನಗಂತೂ ಮನಸ್ಸು ಬರುವುದಿಲ್ಲ. ಜನ ಹೇಳಿದ ಮಾತುಗಳನ್ನು ಚೀಟಿಯಲ್ಲಿ ಬರೆದು, ಗಟ್ಟಿಯಾಗಿ ಓದಿ, ‘ಇದು ಯಾವುದರ ಜೊತೆ ಹೋಗುತ್ತದೆ?’ ಅಂತ ಮೇಜಿನ ಮೇಲೆ ಗುಂಪು ಮಾಡಿಸಿ. ನಿಧಾನ ಆಗುತ್ತದೆ, ಗೈಡ್‌ಗೆ ಈಗಲೇ ಹೇಳಿಟ್ಟಿರಿ. ಪ್ರಬಂಧದಲ್ಲಿ ಜೊತೆಗಾರರ ಹೆಸರು ಹೇಗೆ ಬರಬೇಕು ಅನ್ನೋದನ್ನೂ ಈಗಲೇ ಕೇಳಿಕೊಳ್ಳಿ. ಡಿಪೋ ಅಧಿಕಾರಿಗಳ ಜೊತೆ ಮೀಟಿಂಗ್ ಸಿಕ್ಕರೆ ಜೊತೆಗಾರರೇ ಮೊದಲು ಮಾತಾಡಲಿ. ಹನ್ನೊಂದರ ಮೇಲೆ ಇಟ್ಟುಕೊಳ್ಳಿ, ಬೆಳಗ್ಗೆ ಬಸ್ಸು ತುಂಬಾ ರಷ್.