ಅಪ್‌ಡೇಟ್: ಆಯಿ ಈಗ ಮಣೆಯಿಂದ ತಾವೇ ಏಳುತ್ತಿದ್ದಾರೆ

ಶಿರಸಿಯಲ್ಲಿರುವ ನಮ್ಮ ಆಯಿಗೆ 71 ವರ್ಷ, ಮಣೆಯಿಂದ ಏಳಲು ಯಾರಾದರೂ ಕೈ ಹಿಡಿಯಬೇಕು, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಈಗ ಅವರೇ ಏಳುತ್ತಾರೆ!

ಫಲ ಕೊಟ್ಟಿದ್ದು ಕುರ್ಚಿ ವ್ಯಾಯಾಮ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ ಎದ್ದು, ನಿಧಾನವಾಗಿ ಕೂರುವುದು. ಶುರುವಿನಲ್ಲಿ ದಿಂಬು ಇಟ್ಟು ಎತ್ತರ ಮಾಡಿದ್ದೆವು, ಆಮೇಲೆ ತೆಗೆದೆವು. ಇದನ್ನು ಹೇಳಿದವರಿಗೆ ದೊಡ್ಡ ನಮಸ್ಕಾರ. ಸಂಜೆ ವಾಕಿಂಗ್‌ನಿಂದ ನಿದ್ದೆ ಸುಧಾರಿಸಿತು, ಆದರೆ ಏಳುವ ಕಷ್ಟ ಹಾಗೇ ಇತ್ತು. ಎಣ್ಣೆ ತಿಕ್ಕಿದರೆ ಸ್ವಲ್ಪ ಹೊತ್ತು ಹಿತ, ಅಷ್ಟೇ.

ಫಿಸಿಯೋಥೆರಪಿಸ್ಟ್ ಹೇಳಿದ್ದು ಕೇಳಿ ಆಶ್ಚರ್ಯವಾಯಿತು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ. ಅದರಲ್ಲೂ ಥಟ್ಟನೆ ಬಲ ಕೊಡುವ ಎಳೆಗಳೇ ಜಾಸ್ತಿ ಸಣ್ಣಗಾಗುತ್ತವೆ. ನಿಧಾನವಾಗಿ ನಡೆಯುವಾಗ ಅವಕ್ಕೆ ಕೆಲಸ ಕಡಿಮೆ, ಏಳುವಾಗ ಅವೇ ಬೇಕು. ಒಳ್ಳೆಯ ಸುದ್ದಿ ಅಂದರೆ, 80 ದಾಟಿದವರಲ್ಲೂ ವ್ಯಾಯಾಮದಿಂದ ಬಲ ಮರಳುತ್ತದೆ. 65 ದಾಟಿದವರು ವಾರಕ್ಕೆ ಕನಿಷ್ಠ 2 ದಿನ ಬಲದ ವ್ಯಾಯಾಮ, 3 ದಿನ ಸಮತೋಲನದ ವ್ಯಾಯಾಮ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಊಟಕ್ಕೆ ಹೆಸರುಕಾಳಿನ ಉಸಲಿ, ಮೊಸರು ಜಾಸ್ತಿ ಮಾಡಿದ್ದೇವೆ. ಮಂಡಿ ನೋವು, ಹೃದಯದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಶುರು ಮಾಡಿ.