ಬಸ್ ಸ್ಟಾಪಲ್ಲಿ ಶೆಲ್ಟರ್, ಬೆಂಚು, ಲೈಟು ಇದ್ಯಾ ಅಂತ ಫೋಟೋ ನೋಡಿ ಕಂಪ್ಯೂಟರ್ ಕೈಲಿ ಪಟ್ಟಿ ಮಾಡಿಸೋದು ಹೇಗೆ?

ಕಿಟಕಿ_ಸೀಟು:
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ನಮ್ಮ ಏರಿಯಾ ಮೇಲೆ ಹೋಗೋ 4 ರೂಟಿನ ಸ್ಟಾಪುಗಳಲ್ಲಿ ಏನಿದೆ ಏನಿಲ್ಲ ಅಂತ ನಾನು, ಇಬ್ರು ಫ್ರೆಂಡ್ಸು ಸೇರ್ಕೊಂಡು ಪಟ್ಟಿ ಮಾಡ್ತಿದೀವಿ. ನಮ್ಮಮ್ಮಂಗೆ ಮಂಡಿ ನೋವು, ಮನೆ ಹತ್ರದ ಸ್ಟಾಪಲ್ಲಿ ಕೂರಕ್ಕೆ ಜಾಗ ಇಲ್ಲ ಅಂತ ಒಂದು ಸ್ಟಾಪು ಹಿಂದಕ್ಕೆ ನಡ್ಕೊಂಡು ಹೋಗಿ ಬಸ್ ಹತ್ತುತ್ತಾರೆ, ಅಲ್ಲಿಂದ ಶುರುವಾಗಿದ್ದು ಇದು. ಭಾನುವಾರ ಭಾನುವಾರ ನಡ್ಕೊಂಡು ಹೋಗಿ 38 ಸ್ಟಾಪ್ ಮುಗಿಸಿದೀವಿ, ಪ್ರತಿ ಹೆಸರಿಗೂ ರಸ್ತೆಯ ಎರಡು ಕಡೆ ಸ್ಟಾಪ್ ಇರುತ್ತಲ್ಲ, ಹಿಂಗೆ ಹೋದ್ರೆ ವರ್ಷ ಹಿಡಿಯುತ್ತೆ.

ಅದಕ್ಕೆ ರಸ್ತೆ ಫೋಟೋಗಳ ಮೇಲೆ ಯೋಲೋ ಮಾಡೆಲ್ (ಫೋಟೋದಲ್ಲಿ ಯಾವ ವಸ್ತು ಎಲ್ಲಿದೆ ಅಂತ ಗುರುತಿಸೋ ಪ್ರೋಗ್ರಾಮ್) ಓಡಿಸಿದೆ. ಅದು ಕಲಿತಿರೋ ಕೋಕೋ ಅನ್ನೋ ಫೋಟೋ ಸಂಗ್ರಹದ 80 ಬಗೆ ವಸ್ತುಗಳಲ್ಲಿ ಬೆಂಚ್ ಇದೆ ಆದ್ರೆ ಬಸ್ ಶೆಲ್ಟರ್ ಇಲ್ಲ, ಕಸದ ಬುಟ್ಟಿನೂ ಇಲ್ಲ. ನಾವೇ 200 ಫೋಟೋಲಿ ಶೆಲ್ಟರ್ ಸುತ್ತ ಬಾಕ್ಸ್ ಹಾಕಿ ಮಾಡೆಲ್‌ಗೆ ಕಲಿಸಿದ್ವಿ, ಈಗ ಪೆಟ್ರೋಲ್ ಬಂಕಿನ ಚಾವಣಿ, ಬೇಕರಿ ಮುಂದಿನ ತಗಡಿನ ಶೀಟು ಎಲ್ಲಾ ಶೆಲ್ಟರ್ ಅಂತಿದೆ. ಫೋಟೋ ಎಲ್ಲಿಂದ ತಗೊಳ್ಳೋದು ಒಳ್ಳೇದು, ಎಷ್ಟು ಬೇಕು, ಈ ದಾರಿನೇ ಸರಿನಾ, ಗೊತ್ತಿದ್ದೋರು ಹೇಳಿ ಪ್ಲೀಸ್.

ನಕ್ಷೆ_ಹುಚ್ಚು:
ಮೊದ್ಲು ಫೋಟೋ ವಿಷಯ. ರಸ್ತೆ ಫೋಟೋ ತೋರಿಸೋ ಗೂಗಲ್ ಸ್ಟ್ರೀಟ್ ವ್ಯೂ 2022ರಲ್ಲಿ ಬೆಂಗಳೂರಿಗೆ ಬಂತು ನಿಜ, ಆದ್ರೆ ಅದನ್ನ ರಾಶಿ ರಾಶಿ ಡೌನ್‌ಲೋಡ್ ಮಾಡಿ ನಿಮ್ಮ ಡೇಟಾ ಮಾಡ್ಕೊಳ್ಳಕ್ಕೆ ಅವರ ಷರತ್ತು ಒಪ್ಪಲ್ಲ, ಜನರೇ ಸೇರಿ ಮಾಡೋ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗೆ ಹಾಕಕ್ಕಂತೂ ಆಗಲ್ಲ. ಜನ ತೆಗೆದ ರಸ್ತೆ ಫೋಟೋ ಸೇರಿಸಿಡೋ ಮ್ಯಾಪಿಲರಿ ಬಳಸಿ. 2013ರಲ್ಲಿ ಸ್ವೀಡನ್‌ನಲ್ಲಿ ಶುರುವಾಗಿದ್ದು, 2020ರಲ್ಲಿ ಫೇಸ್‌ಬುಕ್ ಕೊಂಡ್ಕೊಂಡಿತು, ಫೋಟೋಗಳು ಮುಕ್ತ ಲೈಸೆನ್ಸಲ್ಲಿವೆ, ಮುಖ ಮತ್ತು ನಂಬರ್ ಪ್ಲೇಟ್ ಅದೇ ಮಸುಕು ಮಾಡುತ್ತೆ. ಬೆಂಚು, ಬೀದಿ ದೀಪ, ಕಸದ ಬುಟ್ಟಿ ಇವನ್ನ ಅದೇ ಗುರುತಿಸಿ ಮ್ಯಾಪ್ ಮೇಲೆ ಚುಕ್ಕಿ ಹಾಕಿರುತ್ತೆ, ಮೊದ್ಲು ಅದನ್ನ ನೋಡ್ಕೊಳ್ಳಿ.

ಒಳ ರಸ್ತೆಗಳದ್ದು ಸಿಗದಿದ್ರೆ ನೀವೇ ತೆಗೀರಿ, ಬಸ್ಸಲ್ಲಿ ಎಡಗಡೆ ಕಿಟಕಿ ಹತ್ರ ಕೂತು ಫೋನ್ ಹಿಡಿದ್ರೆ ಸಾಕು. ಆದ್ರೆ ನಾವು ಎಡಗಡೆ ಓಡಿಸೋರು, ರಸ್ತೆ ಆಚೆ ಕಡೆ ಸ್ಟಾಪು ಡಿವೈಡರ್ ಹಿಂದೆ ಲಾರಿ ಹಿಂದೆ ಮುಚ್ಕೊಂಡಿರುತ್ತೆ, ಸೋ ವಾಪಸ್ ಬರೋವಾಗ್ಲೂ ತೆಗೀಬೇಕು. ಇನ್ನೊಂದು, ಫೋಟೋದ ಜಿಪಿಎಸ್ ಕ್ಯಾಮೆರಾ ಇದ್ದ ಜಾಗದ್ದು, ಸ್ಟಾಪಿಂದಲ್ಲ. ಎರಡ್ಮೂರು ಫೋಟೋದಿಂದ ದಿಕ್ಕು ಎಳೆದು ಅವು ಕೂಡೋ ಜಾಗ ತಗೊಳ್ಳಿ, ಇಲ್ಲಾಂದ್ರೆ ಎದುರುಗಡೆ ಸ್ಟಾಪಿನ ಬೆಂಚು ಈ ಸ್ಟಾಪಿಗೆ ಬಂದು ಕೂರುತ್ತೆ.

ಸಂಜೆ_ಮಾಡೆಲ್:
200 ಕಮ್ಮಿ ಆಯ್ತು, ಆದ್ರೆ ಇನ್ನಷ್ಟು ಶೆಲ್ಟರ್ ಫೋಟೋ ಹಾಕಿದ್ರೆ ಮಾತ್ರ ಸರಿ ಹೋಗಲ್ಲ. ಬಂಕು, ಅಂಗಡಿ ಶೀಟು, ಆಟೋ ಸ್ಟ್ಯಾಂಡಿನ ಚಪ್ಪರ, ಇವನ್ನೂ ಯಾವ ಬಾಕ್ಸೂ ಹಾಕ್ದೆ ಸೇರಿಸಿ, ಇದು ಶೆಲ್ಟರ್ ಅಲ್ಲ ಅಂತ ಅದಕ್ಕೆ ಗೊತ್ತಾಗ್ಬೇಕು. ಮಾಡೆಲ್‌ಗೆ ಕಲಿಸೋ (ಟ್ರೈನಿಂಗ್) ಫೋಟೋ ಮತ್ತೆ ಅದನ್ನ ಪರೀಕ್ಷೆ ಮಾಡೋ (ಟೆಸ್ಟು) ಫೋಟೋ ಬೇರೆ ಮಾಡೋವಾಗ ಫೋಟೋ ಲೆಕ್ಕದಲ್ಲಿ ಅಲ್ಲ, ಸ್ಟಾಪ್ ಲೆಕ್ಕದಲ್ಲಿ ಬೇರೆ ಮಾಡಿ. ಒಂದೇ ಸ್ಟಾಪಿನ ಫೋಟೋ ಎರಡೂ ಕಡೆ ಬಿದ್ರೆ ಮಾರ್ಕ್ಸು ಚೆನ್ನಾಗಿ ಬರುತ್ತೆ, ಹೊಸ ರಸ್ತೆಗೆ ಹೋದಾಗ ಕೈ ಕೊಡುತ್ತೆ. ನೀವು ನಡೆದು ಮುಗಿಸಿದ 38 ಸ್ಟಾಪ್ ಇದ್ಯಲ್ಲ, ಅದು ಚಿನ್ನ, ಅದನ್ನ ಪೂರ್ತಿ ಟೆಸ್ಟಿಗೆ ಇಟ್ಕೊಳ್ಳಿ. ಬೆಂಗಳೂರು, ಹೈದರಾಬಾದ್ ರಸ್ತೆಗಳ ಐಡಿಡಿ ಅನ್ನೋ ಫೋಟೋ ಸಂಗ್ರಹ ಹೈದರಾಬಾದಿನ ಟ್ರಿಪಲ್ ಐಟಿ ಕಾಲೇಜಿನವರು ಕೊಟ್ಟಿದಾರೆ, ನಮ್ಮ ರಸ್ತೆ ಗಲಾಟೆ ಮಾಡೆಲ್‌ಗೆ ರೂಢಿ ಆಗಕ್ಕೆ ಅದು ಒಳ್ಳೇದು.

ಎಲ್ಲಕ್ಕಿಂತ ಮುಖ್ಯ, ನಿಮ್ಮ ಪಟ್ಟಿಲಿ "ಇಲ್ಲ" ಬೇರೆ "ಕಾಣ್ಲಿಲ್ಲ" ಬೇರೆ ಇರ್ಲಿ. ಬಸ್ಸು ಅಡ್ಡ ನಿಂತಿದ್ರೆ ಬೆಂಚು ಕಾಣಲ್ಲ, ಮಾಡೆಲ್ ಸುಮ್ನೆ ಇರುತ್ತೆ, ನೀವು ಇಲ್ಲ ಅಂತ ಬರ್ಕೊಂಡ್ರೆ ಸುಳ್ಳು ಪಟ್ಟಿ ಆಯ್ತು. ಒಂದು ಸ್ಟಾಪಿಗೆ ಐದಾರು ಫೋಟೋ ಒಟ್ಟಿಗೆ ನೋಡಿ ತೀರ್ಮಾನ ಮಾಡಿ, ಫೋಟೋ ತೆಗೆದ ತಾರೀಖನ್ನೂ ಪಕ್ಕದಲ್ಲೇ ಬರೀರಿ. ವಾಷಿಂಗ್ಟನ್ ಯೂನಿವರ್ಸಿಟಿಯವರು 2023ರಲ್ಲಿ ಬಸ್‌ಸ್ಟಾಪ್‌ಸಿವಿ ಅಂತ ಒಂದು ಟೂಲ್ ತೋರಿಸಿದ್ರು, ಅದ್ರಲ್ಲಿ ಮಾಡೆಲ್ ಇಲ್ಲೊಂದು ಬೆಂಚಿದೆ ಅಂತ ಸೂಚನೆ ಕೊಡುತ್ತೆ ಅಷ್ಟೇ, ಹೌದು ಅಲ್ಲ ಅನ್ನೋದು ಮನುಷ್ಯರೇ. ನಿಮಗೂ ಅದೇ ಸರಿ ಅನ್ಸುತ್ತೆ.

ಬಿಳಿಕೋಲು:
ನನಗೆ ಕಣ್ಣು ಕಾಣಲ್ಲ, ದಿನಾ ಎರಡು ಬಸ್ ಬದಲಾಯಿಸಿ ಕೆಲಸಕ್ಕೆ ಹೋಗ್ತೀನಿ. ಬೆಂಚು ಕಂಬ ಕಸದ ಬುಟ್ಟಿ ಇವೆಲ್ಲ ನಿಮಗೆ ಸೌಲಭ್ಯ, ನನಗೆ ಗುರುತು, ಕೋಲು ತಗುಲಿದಾಗ ಸ್ಟಾಪ್ ಬಂತು ಅಂತ ಗೊತ್ತಾಗೋದೇ ಅದ್ರಿಂದ. ಅಮೆರಿಕದಲ್ಲಿ 2013ರಲ್ಲೇ ಇದಕ್ಕೋಸ್ಕರ ಜನರ ಕೈಲಿ ಸ್ಟ್ರೀಟ್ ವ್ಯೂ ನೋಡಿಸಿ ವಾಷಿಂಗ್ಟನ್ ಡಿಸಿ, ಸಿಯಾಟಲ್ ಸ್ಟಾಪುಗಳಲ್ಲಿ ಇವನ್ನ ಗುರುತು ಹಾಕಿಸಿದ್ರು. ಆದ್ದರಿಂದ ಬೆಂಚ್ ಇದೆ ಅಂತ ಟಿಕ್ ಹಾಕಿ ಬಿಡ್ಬೇಡಿ, ನಡ್ಕೊಂಡು ಬರೋವಾಗ ಯಾವುದು ಮೊದಲು ಸಿಗುತ್ತೆ, ಕಂಬ ಆದ್ಮೇಲೆ ಬೆಂಚಾ, ಬೆಂಚಾದ್ಮೇಲೆ ಕಂಬನಾ, ಬರೀರಿ. ಎಳನೀರು ಗಾಡಿ ತರ ಇವತ್ತು ಇದ್ದು ನಾಳೆ ಇಲ್ದೇ ಇರೋದು ಬೇಡ.

ಇನ್ನೊಂದು ನೋಡಿ, ನಮ್ಮಲ್ಲಿ ಬಸ್ಸು ಎಷ್ಟೋ ಕಡೆ ಶೆಲ್ಟರ್ ಮುಂದೆ ನಿಲ್ಲಲ್ಲ. ನಾನು ಹತ್ತೋ ಕಡೆ 30 ಹೆಜ್ಜೆ ಮುಂದೆ ಮರದ ಕೆಳಗೆ ನಿಲ್ಲುತ್ತೆ, ಜನ ಎಲ್ಲಾ ಅಲ್ಲೇ. ಶೆಲ್ಟರಲ್ಲಿ ಒಬ್ನೇ ಕೂತು ಬಸ್ ತಪ್ಪಿಸ್ಕೊಂಡಿದೀನಿ. ನಿಮ್ಮ ಫೋಟೋಲಿ ಜನ ಎಲ್ಲಿ ಗುಂಪಾಗಿ ನಿಂತಿದಾರೆ ಅನ್ನೋದನ್ನ ಕಂಪ್ಯೂಟರ್ ಹೇಳಕ್ಕಾಗುತ್ತಾ? ಆಗೋದಾದ್ರೆ ಅದನ್ನೂ ಸೇರಿಸಿ.

ಲಾಸ್ಟ್_ಬಸ್:
ನೀವೆಲ್ಲ ಹೇಳ್ತಿರೋದು ಹಗಲಿನ ಫೋಟೋ. ಲೈಟ್ ಕಂಬ ಕಂಡ್ರೆ ರಾತ್ರಿ ಉರಿಯುತ್ತೆ ಅಂತ ಹೇಗೆ ಹೇಳ್ತೀರಾ? ಅಮೆರಿಕದ ಮಿನೆಸೋಟಾದಲ್ಲಿ ಒಂದು ಸ್ಟಡಿ ಮಾಡಿದ್ರು, 2016ರಲ್ಲಿ ಬಂತು, ಸುರಕ್ಷಿತ ಅನ್ಸದ ಜಾಗದಲ್ಲಿ 10 ನಿಮಿಷಕ್ಕಿಂತ ಜಾಸ್ತಿ ಕಾದ ಹೆಂಗಸರಿಗೆ ಆ ಹೊತ್ತು ನಿಜಕ್ಕಿಂತ ತುಂಬಾ ಉದ್ದ ಅನ್ಸಿತ್ತಂತೆ. ನನಗೆ ಸ್ಟಡಿ ಬೇಕಾಗಿಲ್ಲ, ರಾತ್ರಿ ಒಂಬತ್ತೂವರೆಗೆ ದಿನಾ ಕಾಯೋಳು ನಾನು. ಲೈಟಿನ ಕಾಲಂಗೆ ಮಾತ್ರ ದಯವಿಟ್ಟು ಕತ್ತಲಾದ್ಮೇಲೆ ಹೋಗಿ ನೋಡಿ ಬರೀರಿ, ಅಲ್ಲಿವರೆಗೂ ಖಾಲಿ ಬಿಡಿ.

ಕಿಟಕಿ_ಸೀಟು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಲೈಟು ಮತ್ತೆ ಬಸ್ ನಿಜವಾಗ್ಲೂ ನಿಲ್ಲೋ ಜಾಗ, ಎರಡೂ ನಮಗೆ ಹೊಳೆದೇ ಇರ್ಲಿಲ್ಲ. "ಕಾಣ್ಲಿಲ್ಲ" ಕಾಲಂ ಇವತ್ತೇ ಸೇರಿಸ್ದೆ, ಹಳೇ ಫಲಿತಾಂಶ ತಿರುಗಿ ನೋಡಿದ್ರೆ "ಬೆಂಚ್ ಇಲ್ಲ" ಅಂದಿದ್ದ ಒಂದು ಸ್ಟಾಪು ಅಮ್ಮ ನಡ್ಕೊಂಡು ಹೋಗಿ ಕೂರೋ ಸ್ಟಾಪೇ, ಫೋಟೋಲಿ ಅದ್ರ ಮುಂದೆ ಟೆಂಪೋ ನಿಂತಿತ್ತು. @ಬಿಳಿಕೋಲು ಸರ್, ಜನರನ್ನ ಗುರುತಿಸೋದು ಮಾಡೆಲ್‌ಗೆ ಸುಲಭ, ಖಂಡಿತ ಮಾಡ್ತೀವಿ, ಕ್ರಮ ಹೇಗೆ ಬರೆದ್ರೆ ನಿಮ್ಮ ಫೋನ್ ಓದಕ್ಕೆ ಅನುಕೂಲ ಅಂತ ಮೆಸೇಜ್ ಮಾಡ್ತೀನಿ. @ಲಾಸ್ಟ್_ಬಸ್ ಮೇಡಂ, ಶನಿವಾರ ರಾತ್ರಿ ಎಂಟಕ್ಕೆ ಮೂರೂ ಜನ ಹೊರಡ್ತಿದೀವಿ.