ಕವರ್ ಕೇಳಲು ಬಂದವರನ್ನು ಸ್ವಂತ ಹಾಡಿನವರೆಗೆ ಕರೆತರುವುದು ಹೇಗೆ?

ಗಿರಿನಗರ_ಗಿಟಾರ್

ಎಲ್ಲರಿಗೂ ನಮಸ್ಕಾರ. ನಮ್ಮದು ಇಬ್ಬರ ತಂಡ: ಒಬ್ಬರದು ಹಾಡು ಮತ್ತು ಅಕೂಸ್ಟಿಕ್ ಗಿಟಾರ್, ಇನ್ನೊಬ್ಬರದು ಕಹೋನ್ (ಮೇಲೆ ಕೂತು ಕೈಯಲ್ಲಿ ಬಾರಿಸುವ ಮರದ ಪೆಟ್ಟಿಗೆ). ಕನ್ನಡದ ಮೂರು ಸ್ವಂತ ಹಾಡುಗಳ ಮಿಕ್ಸಿಂಗ್ ಮುಗಿದಿದೆ. ಯೂಟ್ಯೂಬ್‌ನಲ್ಲಿ ಈಗ 140 ಸಬ್‌ಸ್ಕ್ರೈಬರ್‌ಗಳಿದ್ದಾರೆ. ಆಗಸ್ಟ್‌ನಿಂದ ಹದಿನೈದು ದಿನಕ್ಕೊಂದರಂತೆ ಆರು ಸಿನಿಮಾ ಹಾಡುಗಳ ಕವರ್ (ಬೇರೆಯವರ ಹಾಡನ್ನು ನಾವು ಹಾಡಿದ್ದು) ಹಾಕಿ, ಜನ ಸೇರಿದ ಮೇಲೆ ನವೆಂಬರ್‌ನಲ್ಲಿ ಮೊದಲ ಸ್ವಂತ ಹಾಡು ಬಿಡುವ ಯೋಚನೆ.

ಗೊತ್ತಿರುವವರು ದಯವಿಟ್ಟು ಹೇಳಿ. ಹೊಸ ಹಿಟ್ ಹಾಡಬೇಕೋ, ಹಳೆಯದೋ? ಕವರ್‌ಗಳನ್ನು ಸ್ಪಾಟಿಫೈಗೂ ಹಾಕಬಹುದೇ, ದುಡ್ಡು ಯಾರಿಗೆ ಹೋಗುತ್ತದೆ? ಒಂದು ಹಿಂದಿ ಹಾಡಿಗೆ ಕನ್ನಡ ಸಾಹಿತ್ಯ ಬರೆದಿದ್ದೇವೆ, ಅದನ್ನು ಬಿಡಬಹುದೇ? ನಮ್ಮ ಹತ್ತಿರ ಇರುವುದು ಒಂದು ಎಸ್‌ಎಂ58 ಮೈಕ್, ಒಂದು ಕಂಡೆನ್ಸರ್ ಮೈಕ್, ಮೈಕಿನ ಸದ್ದನ್ನು ಕಂಪ್ಯೂಟರ್‌ಗೆ ಒಯ್ಯುವ ಎರಡು ಚಾನೆಲ್‌ನ ಇಂಟರ್‌ಫೇಸ್, ಒಂದು ಫೋನ್ ಕ್ಯಾಮೆರಾ. ರೆಕಾರ್ಡಿಂಗ್ ಮನೆಯ ರೂಮಿನಲ್ಲೇ.

ತಾಳಮಾಲೆ

ನಿಮ್ಮ ಯೋಜನೆಯ ಕ್ರಮ ತಿರುವುಮುರುವಾಗಿದೆ. ಒಂದು ಹಿಟ್ ಹಾಡನ್ನು ಹುಡುಕುತ್ತಾ ಬಂದವರು ಆ ಹಾಡಿಗಾಗಿ ಬಂದವರು. ನಿಮ್ಮ ದನಿ ಇಷ್ಟವಾಗಿ ಚಾನೆಲ್ ತೆರೆದರೆ ಅಲ್ಲಿ ನಿಮ್ಮದು ಅಂತ ಒಂದಾದರೂ ಇರಬೇಕು. ಇಲ್ಲದಿದ್ದರೆ ಮೂರು ತಿಂಗಳಲ್ಲಿ ಬಂದವರೆಲ್ಲ ಕೇಳಿ ಹೊರಟುಹೋಗುತ್ತಾರೆ. ಉಳಿದವರ ಮನಸ್ಸಿನಲ್ಲೂ 'ಇವರು ಕವರ್ ಹಾಡುವವರು' ಅಂತ ಕೂತುಬಿಡುತ್ತದೆ. ಆಮೇಲೆ ಸ್ವಂತ ಹಾಡು ಹಾಕಿದರೆ ಅದೇ ಜನ ಮುಂದಿನ ಕವರ್ ಯಾವಾಗ ಅಂತ ಕೇಳುತ್ತಾರೆ.

ಮೊದಲ ಸ್ವಂತ ಹಾಡನ್ನು ಆಗಸ್ಟ್‌ನಲ್ಲೇ ಬಿಡಿ. ಅದಾದ ಮೇಲೆ ಎರಡು ಕವರ್, ಮತ್ತೆ ಒಂದು ಸ್ವಂತದ್ದು, ಒಂದು ಕವರ್, ನವೆಂಬರ್‌ಗೆ ಮೂರನೆಯದು. ಆರು ಕವರ್ ಬೇಕಿಲ್ಲ, ಮೂರು ಸಾಕು. ಉಳಿದ ಶ್ರಮವನ್ನು ಆ ಮೂರಕ್ಕೆ ಹಾಕಿ.

ಹಾಡು ಆರಿಸುವಾಗ ಒಂದು ಪರೀಕ್ಷೆ ಮಾಡಿ. ಗಿಟಾರ್‌ನಲ್ಲಿ ಬರೀ ಮೂರು ನಾಲ್ಕು ಕಾರ್ಡ್ ಹಿಡಿದು ಪಲ್ಲವಿ ಮಾತ್ರ ಹಾಡಿ. ಹಾಡು ನಿಂತರೆ ತೆಗೆದುಕೊಳ್ಳಿ. ವಯಲಿನ್ ಗುಂಪು, ಕೋರಸ್, ದೊಡ್ಡ ಬಿಜಿಎಂ ಇಲ್ಲದೆ ಸೊರಗುವ ಹಾಡುಗಳು ಎಷ್ಟೇ ಜನಪ್ರಿಯವಾಗಿರಲಿ, ಇಬ್ಬರ ತಂಡಕ್ಕೆ ಸಲ್ಲುವುದಿಲ್ಲ. ಹೊಸ ಹಿಟ್‌ನ ವಿಷಯಕ್ಕೆ ಬಂದರೆ, ಬಿಡುಗಡೆಯಾದ ವಾರ ಎಲ್ಲರೂ ಅದನ್ನೇ ಹಾಡುತ್ತಿರುತ್ತಾರೆ, ಜೊತೆಗೆ ಕಂಪನಿಯವರ ಲಿರಿಕಲ್ ವಿಡಿಯೋವೇ ಮೇಲೆ ನಿಂತಿರುತ್ತದೆ. ಹದಿನೈದು ಇಪ್ಪತ್ತು ವರ್ಷ ಹಳೆಯ ಮೆಲೊಡಿಗಳನ್ನು ಹುಡುಕುವವರು ವರ್ಷವಿಡೀ ಇರುತ್ತಾರೆ.

ಇನ್ನು ಜೋಡಿಸುವ ಕೆಲಸ. ಇದನ್ನು ಸರಿಯಾಗಿ ಮಾಡುವವರು ಕಡಿಮೆ. ಪ್ರತಿ ಕವರ್‌ಗೂ ನಿಮ್ಮ ಒಂದು ಸ್ವಂತ ಹಾಡನ್ನು ಜೊತೆಗಾರ ಅಂತ ಮೊದಲೇ ಗೊತ್ತುಮಾಡಿ: ಒಂದೇ ಶ್ರುತಿ, ಹೆಚ್ಚುಕಡಿಮೆ ಒಂದೇ ನಡೆ, ಒಂದೇ ಭಾವ. ನಿಮ್ಮ ಹಾಡು ಡಿ ಮೇಜರ್‌ನಲ್ಲಿದ್ದರೆ ಕವರ್ ಅನ್ನೂ ಡಿಗೆ ತನ್ನಿ. ಯೂಟ್ಯೂಬ್‌ನ ಎಂಡ್ ಸ್ಕ್ರೀನ್ (ವಿಡಿಯೋ ಕೊನೆಯಲ್ಲಿ ಬೇರೆ ವಿಡಿಯೋದ ಚೌಕ ಕಾಣುವ ಭಾಗ) 5ರಿಂದ 20 ಸೆಕೆಂಡ್ ಇಡಬಹುದು, ಪೂರ್ತಿ 20 ಇಡಿ. ಕವರ್‌ನ ಕೊನೆಯ ಡಿ ಕಾರ್ಡ್ ಬಾರಿಸಿ ಕೈ ತೆಗೆಯಬೇಡಿ, ತಂತಿ ಮೊಳಗುತ್ತಿರಲಿ. ಕಹೋನ್ ಒಂದು ಆವರ್ತ ಹಾಗೇ ಸಾಗಲಿ. ಅದರ ಮೇಲೇ ನಿಮ್ಮ ಹಾಡಿನ ಪಲ್ಲವಿಯ ಮೊದಲ ಎರಡು ಸಾಲು ಶುರುವಾಗಲಿ, ಸಾಲು ಅರ್ಧದಲ್ಲಿರುವಾಗ ವಿಡಿಯೋ ಮುಗಿಯಲಿ. ಆ ಇಪ್ಪತ್ತು ಸೆಕೆಂಡೂ ಪರದೆಯ ಮೇಲೆ ಇರಬೇಕಾದ್ದು ಒಂದೇ ಚೌಕ: ಆ ಹಾಡಿನ ವಿಡಿಯೋ. 'ಸಬ್‌ಸ್ಕ್ರೈಬ್ ಮಾಡಿ, ಲೈಕ್ ಮಾಡಿ, ಇನ್‌ಸ್ಟಾಗ್ರಾಂಗೂ ಬನ್ನಿ' ಅಂತ ಮೂರು ಬಾಗಿಲು ತೋರಿಸಿದರೆ ಯಾವುದರೊಳಗೂ ಹೋಗುವುದಿಲ್ಲ. ಪಿನ್ ಮಾಡಿದ ಕಾಮೆಂಟಿನಲ್ಲೂ ಅದೊಂದೇ ಲಿಂಕ್.

ಶುರುವಿನಲ್ಲಿ ಲೋಗೋ ಬೇಡ, 'ಹಾಯ್ ಫ್ರೆಂಡ್ಸ್' ಬೇಡ. ಎರಡು ಸೆಕೆಂಡಿನೊಳಗೆ ದನಿ ಕೇಳಬೇಕು. ಎರಡನೇ ಚರಣ ಬಿಟ್ಟು ಎರಡೂಕಾಲರಿಂದ ಎರಡೂಮುಕ್ಕಾಲು ನಿಮಿಷಕ್ಕೆ ಮುಗಿಸಿ. ಶೀರ್ಷಿಕೆಯಲ್ಲಿ ಹಾಡಿನ ಹೆಸರು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಇರಲಿ, ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುವವರು ಬಹಳ.

ಶಾರ್ಟ್ಸ್‌ಗೆ ಪಲ್ಲವಿಯ 25–35 ಸೆಕೆಂಡ್ ಸಾಕು. ಶಾರ್ಟ್ಸ್ ಈಗ ಮೂರು ನಿಮಿಷದವರೆಗೆ ಇರಬಹುದು ನಿಜ. ಆದರೆ ಒಂದು ನಿಮಿಷ ಮೀರಿದ ಶಾರ್ಟ್‌ಗೆ ಕಂಟೆಂಟ್ ಐಡಿ (ಬೇರೆಯವರ ಹಾಡನ್ನು ತಾನೇ ಗುರುತಿಸುವ ಯೂಟ್ಯೂಬ್ ವ್ಯವಸ್ಥೆ) ಕ್ಲೇಮ್ ಬಿದ್ದರೆ ಅದು ಎಲ್ಲ ಕಡೆ ಬ್ಲಾಕ್ ಆಗುತ್ತದೆ. ಶಾರ್ಟ್ಸ್‌ನ ವಿವರಣೆ, ಕಾಮೆಂಟಿನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. 'ರಿಲೇಟೆಡ್ ವಿಡಿಯೋ' ಅಂತ ಒಂದು ಆಯ್ಕೆ ಇದೆ, ಅಲ್ಲಿ ಪೂರ್ತಿ ಕವರ್ ಬದಲು ಸ್ವಂತ ಹಾಡನ್ನೇ ಕೊಡಿ.

ಹಕ್ಕುಬಾಧ್ಯತೆ

ಹಕ್ಕಿನ ಭಾಗ ನಾನು ಹೇಳುತ್ತೇನೆ. ಒಂದು ಹಾಡಿನಲ್ಲಿ ಬೇರೆ ಬೇರೆ ಆಸ್ತಿಗಳಿವೆ: ಸಾಹಿತ್ಯ ಮತ್ತು ಸಂಗೀತ ಸಂಯೋಜನೆ ಒಂದು ಕಡೆ, ರೆಕಾರ್ಡಿಂಗ್ ಇನ್ನೊಂದು ಕಡೆ. ನೀವೇ ನುಡಿಸಿ ಹಾಡಿದರೆ ರೆಕಾರ್ಡಿಂಗ್ ನಿಮ್ಮದು, ಸಾಹಿತ್ಯ ಸಂಯೋಜನೆ ಅವರದ್ದೇ. ನೆಟ್‌ನಿಂದ ಕರೋಕೆ ಟ್ರ್ಯಾಕ್ ಇಳಿಸಿ ಅದರ ಮೇಲೆ ಹಾಡಿದರೆ ಎರಡೂ ನಿಮ್ಮದಲ್ಲ. ಗಿಟಾರ್ ಕಹೋನ್ ನಿಮ್ಮಲ್ಲೇ ಇರುವಾಗ ಆ ಕಡೆ ಹೋಗಲೇಬೇಡಿ.

ಯೂಟ್ಯೂಬ್‌ನಲ್ಲಿ ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕವರ್‌ಗೆ ಸಾಮಾನ್ಯವಾಗಿ ಬರುವುದು ಕ್ಲೇಮ್. ಟ್ಯೂನ್ ಗುರುತು ಸಿಕ್ಕಿ, ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ವಿಡಿಯೋ ಉಳಿಯುತ್ತದೆ, ಚಾನೆಲ್‌ಗೆ ಕಪ್ಪುಚುಕ್ಕೆ ಇಲ್ಲ. ಹಕ್ಕುದಾರರು ಬೇಕೆಂದರೆ ಬ್ಲಾಕ್ ಕೂಡ ಮಾಡಬಹುದು. ಸ್ಟ್ರೈಕ್ ಅಂದರೆ ವಿಡಿಯೋ ತೆಗೆಸಿದ್ದಾರೆ ಎಂದರ್ಥ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ, ಜೊತೆಗೆ ನಿಮ್ಮ ಸ್ವಂತ ಹಾಡುಗಳೂ. ಹಣದ ಚಿಂತೆ ಸದ್ಯಕ್ಕೆ ಬಿಡಿ. ಜಾಹೀರಾತಿನ ಪಾಲು ಸಿಗಲು 1,000 ಸಬ್‌ಸ್ಕ್ರೈಬರ್ ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ (ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂ) ಬೇಕು. ಅದಾದ ಮೇಲೆ ಕೆಲವು ಹಕ್ಕುದಾರರ ಹಾಡುಗಳ ಕವರ್‌ಗೆ ಪಾಲು ಹಂಚಿಕೆಯೂ ಇದೆ.

ಸ್ಪಾಟಿಫೈಗೆ ಕವರ್ ಹಾಕಬೇಡಿ ಅನ್ನುವುದು ನನ್ನ ಸಲಹೆ. ವಿದೇಶಿ ಡಿಸ್ಟ್ರಿಬ್ಯೂಟರ್‌ಗಳು (ಹಾಡನ್ನು ಸ್ಪಾಟಿಫೈಯಂಥ ಕಡೆಗೆ ತಲುಪಿಸುವ ಕಂಪನಿಗಳು) 'ಕವರ್ ಲೈಸೆನ್ಸ್' ಅಂತ ವರ್ಷಕ್ಕಿಷ್ಟು ತೆಗೆದುಕೊಳ್ಳುವುದು ಅಮೆರಿಕದ ಕಾನೂನಿನ ಕಡ್ಡಾಯ ಪರವಾನಗಿಯ (ಒಡೆಯರ ಒಪ್ಪಿಗೆಗೆ ಕಾಯದೆ ರಾಯಧನ ಕಟ್ಟಿ ಪಡೆಯುವಂಥದ್ದು) ಆಧಾರದ ಮೇಲೆ. ಅದನ್ನು ಕೊಂಡರೆ ಇಲ್ಲಿನ ಕಂಪನಿಯ ಅನುಮತಿ ಸಿಕ್ಕಂತಾಗುವುದಿಲ್ಲ. ನಮ್ಮಲ್ಲಿರುವುದು 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ, ಕವರ್‌ಗಳ ಬಗೆಗಿನ 31ಸಿ ಕಲಂ. ಅದರ ಷರತ್ತು ನೋಡಿ: ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು. ಮುಂಚಿತವಾಗಿ ನೋಟಿಸ್ ಕೊಡಬೇಕು. ಪ್ರತಿ ಹಾಡಿಗೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಮೂಲ ಗಾಯಕರ ಹೆಸರಾಗಲಿ, ಸಿನಿಮಾದ ಹೆಸರಾಗಲಿ ಲೇಬಲ್ ಮೇಲೆ ಇರಕೂಡದು, ಇದು ಕವರ್ ಅಂತ ಸ್ಪಷ್ಟವಾಗಿ ಬರೆದಿರಬೇಕು. ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆ ಮಾಡುವಂತಿಲ್ಲ. ಇದು ಧ್ವನಿಮುದ್ರಣಕ್ಕೆ ಮಾತ್ರ, ವಿಡಿಯೋಗೆ ಅನ್ವಯಿಸುವುದಿಲ್ಲ. ಕ್ಯಾಸೆಟ್ ಕಾಲದ ಲೆಕ್ಕದಲ್ಲಿ ಬರೆದ ಕಲಂ ಇದು, ಇಬ್ಬರ ತಂಡಕ್ಕೆ ಯಾವ ದಾರಿಯಿಂದಲೂ ಗಿಟ್ಟುವುದಿಲ್ಲ.

ನೇರವಾಗಿ ಕಂಪನಿಯನ್ನು ಕೇಳುವುದು ಇದಕ್ಕಿಂತ ವಾಸಿ. ಯಾರದ್ದು ಅಂತ ತಿಳಿಯಲು ಮೂಲ ವಿಡಿಯೋದ ವಿವರಣೆ ಓದಿ, ಸಂಗೀತದ ವಿವರದ ಕೆಳಗೆ ಪರವಾನಗಿ ಕೊಟ್ಟವರ ಹೆಸರಿರುತ್ತದೆ. ಲಹರಿ, ಆನಂದ್ ಆಡಿಯೋ ಇಲ್ಲಿಯವೇ, ಬೆಂಗಳೂರಿನವು. ಇಮೇಲ್‌ನಲ್ಲಿ ಹಾಡು, ಸಿನಿಮಾ, ವರ್ಷ, ನಿಮ್ಮ ಕವರ್‌ನ ಅವಧಿ, ಆಡಿಯೋ ಮಾತ್ರವೋ ವಿಡಿಯೋವೂ ಸೇರಿಯೋ, ಯಾವ ಯಾವ ವೇದಿಕೆ, ಸಾಹಿತ್ಯ ಬದಲಿಸಿದ್ದೀರೋ ಇಲ್ಲವೋ, ಇಷ್ಟೂ ಇರಲಿ. ಫೋನಿನಲ್ಲಿ 'ಮಾಡ್ಕೊಳ್ಳಿ ಪರ್ವಾಗಿಲ್ಲ' ಅಂದದ್ದು ಅನುಮತಿಯಲ್ಲ, ಬರಹದಲ್ಲಿ ಬೇಕು.

ಹಿಂದಿ ಹಾಡಿನ ಕನ್ನಡ ಸಾಹಿತ್ಯ ಬಿಡಬೇಡಿ. ಅನುವಾದದ ಹಕ್ಕು ಮೂಲ ಸಾಹಿತ್ಯದ ಒಡೆಯರದ್ದು. ಪೂರ್ತಿ ಹೊಸ ಸಾಹಿತ್ಯ ಬರೆದಿದ್ದರೂ ಟ್ಯೂನ್ ಅವರದ್ದೇ. ಸಾಲುಗಳು ಚೆನ್ನಾಗಿದ್ದರೆ ಅವಕ್ಕೆ ನಿಮ್ಮದೇ ರಾಗ ಕಟ್ಟಿ.

ಫೇಡರ್_560004

ಮೂರು ಸದ್ದು, ಎರಡು ಚಾನೆಲ್. ತೊಂದರೆ ಇಲ್ಲ. ಎಸ್‌ಎಂ58 ಹಾಡಿಗೆ, ಬಾಯಿಂದ ನಾಲ್ಕು ಬೆರಳು ದೂರ. ಕಂಡೆನ್ಸರ್ ಅನ್ನು ಗಿಟಾರ್ ಮತ್ತು ಕಹೋನ್ ಎರಡಕ್ಕೂ ಸೇರಿಸಿ, ಗಿಟಾರ್‌ನ 12ನೇ ಫ್ರೆಟ್ ಕಡೆ ತಿರುಗಿಸಿ. ಕಹೋನ್ ಜೋರಾಯಿತು ಅನ್ನಿಸಿದರೆ ಈಕ್ಯೂ (ಸದ್ದಿನ ಏರಿಳಿತ ತಿದ್ದುವ ಗುಂಡಿ) ಮುಟ್ಟಬೇಡಿ, ಕಹೋನ್ ಅನ್ನೇ ಅರ್ಧ ಅಡಿ ಹಿಂದೆ ಸರಿಸಿ ಇನ್ನೊಂದು ಟೇಕ್ ಮಾಡಿ.

ಎಸ್‌ಎಂ58 ಕಾರ್ಡಿಯಾಯ್ಡ್, ನೇರ ಹಿಂಬದಿಯಿಂದ ಬಂದ ಸದ್ದನ್ನು ಅದು ಅತಿ ಕಡಿಮೆ ಹಿಡಿಯುತ್ತದೆ. ಆದ್ದರಿಂದ ಅಕ್ಕಪಕ್ಕ ಕೂರುವ ಬದಲು ಎದುರುಬದುರು ಕೂತರೆ ಕಹೋನ್ ಮೈಕಿನ ಬೆನ್ನ ಹಿಂದೆ ಬೀಳುತ್ತದೆ, ಹಾಡಿನ ಟ್ರ್ಯಾಕ್ ತಿಳಿಯಾಗುತ್ತದೆ. ಕ್ಯಾಮೆರಾಕ್ಕೂ ಇಬ್ಬರ ಮುಖ ಪಕ್ಕದಿಂದ ಚೆನ್ನಾಗಿ ಸಿಗುತ್ತದೆ.

48 ಕಿಲೋಹರ್ಟ್ಜ್, 24 ಬಿಟ್. ಅತಿ ಜೋರಿನ ಸಾಲು ಹಾಡಿದಾಗಲೂ ಮೀಟರ್ ಮೈನಸ್ 6 ಡಿಬಿ ದಾಟದಿರಲಿ. ಕೊನೆಗೆ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರಿನ ಅಳತೆ) ಸುತ್ತ ಬಿಡಿ, ಅದಕ್ಕಿಂತ ಜೋರು ಮಾಡಿದರೆ ಯೂಟ್ಯೂಬೇ ಇಳಿಸುತ್ತದೆ.

ಫೋನ್ ವಿಡಿಯೋದಲ್ಲಿ ಫ್ರೇಮ್ ದರ ಏರಿಳಿಯುವುದುಂಟು. ಆಗ ಶುರುವಿನಲ್ಲಿ ತುಟಿ ಸರಿಯಾಗಿದ್ದು ಎರಡನೇ ನಿಮಿಷದ ಹೊತ್ತಿಗೆ ಜಾರಿರುತ್ತದೆ. ಟೇಕ್‌ನ ಮೊದಲೂ ಕೊನೆಗೂ ಒಂದೊಂದು ಚಪ್ಪಾಳೆ ತಟ್ಟಿ. ಎರಡೂ ಕೂಡಿದರೆ ಸರಿ, ಕೊನೆಯದು ತಪ್ಪಿದರೆ ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಪರಿವರ್ತಕ ಸಾಫ್ಟ್‌ವೇರ್‌ನಲ್ಲಿ ಸ್ಥಿರ 25 ಫ್ರೇಮ್‌ಗೆ ಬದಲಿಸಿ ಮತ್ತೆ ಜೋಡಿಸಿ. ನಮ್ಮ ಕರೆಂಟು 50 ಹರ್ಟ್ಜ್. ಎಲ್‌ಇಡಿ ದೀಪ ಮಿಣುಕದಿರಲು 25 ಫ್ರೇಮ್, ಶಟರ್ 1/50.

ಫ್ಯಾನು, ಫ್ರಿಜ್ಜು ಆಫ್. ನಮ್ಮ ಕಡೆ ಬೆಳಿಗ್ಗೆ ಕಸದ ಗಾಡಿ, ಸಂಜೆ ಟ್ರಾಫಿಕ್ಕು, ರಾತ್ರಿ ಕಹೋನ್ ಬಾರಿಸಿದರೆ ಕೆಳಗಿನ ಮನೆಯವರು. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಒಳ್ಳೆಯ ಹೊತ್ತು.

ಗಿರಿನಗರ_ಗಿಟಾರ್

ತುಂಬಾ ಉಪಕಾರವಾಯಿತು. ಆಗಸ್ಟ್‌ಗೇ ಸ್ವಂತ ಹಾಡು ಹಾಕುತ್ತೇವೆ. ಇನ್ನೊಂದು ಪ್ರಶ್ನೆ: ಸಿನಿಮಾ ಹಾಡಿನ ಬದಲು ಶರೀಫರ ತತ್ವಪದ, ದಾಸರ ಪದ, ಬೇಂದ್ರೆಯವರ ಕವಿತೆ ಹಾಡಿದರೆ ಈ ತಾಪತ್ರಯ ಇರುವುದಿಲ್ಲ ಅಲ್ಲವೇ?

ಹಕ್ಕುಬಾಧ್ಯತೆ

ಅರ್ಧ ನಿಜ. ಸಾಹಿತ್ಯದ ಹಕ್ಕು ಬರೆದವರ ಜೀವಿತಕಾಲ, ಮೇಲೆ 60 ವರ್ಷ. ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ ಎಣಿಕೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಪುರಂದರದಾಸರು 1564ರಲ್ಲಿ. ಅಲ್ಲಿ ತಕರಾರಿಲ್ಲ. ಗೋವಿಂದ ಪೈ 1963, ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಮುಕ್ತ. ಡಿವಿಜಿ 1975, ಅಂದರೆ 2035ರ ಕೊನೆಯವರೆಗೆ ಕಾಯಬೇಕು. ಬೇಂದ್ರೆ 1981, ಹಾಗಾಗಿ 2041ರ ಕೊನೆಯವರೆಗೆ ಹಕ್ಕು ಜೀವಂತ.

ಜನ ಎಡವುವುದು ರಾಗಸಂಯೋಜನೆಯಲ್ಲಿ. ಶರೀಫರ ಪದ ಅಂತ ನಮ್ಮ ಕಿವಿಯಲ್ಲಿ ಕೂತಿರುವ ಎಷ್ಟೋ ಟ್ಯೂನ್‌ಗಳು ಸುಗಮ ಸಂಗೀತದ ಕಾಲದವು. ಸಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ಅವರು ಕಟ್ಟಿದ ರಾಗಗಳ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. ಪದ ಮುಕ್ತ, ಟ್ಯೂನ್ ಮುಕ್ತವಲ್ಲ.

ಹಾಗಾಗಿ ಪದವನ್ನು ಪುಸ್ತಕದಿಂದ ತೆಗೆದುಕೊಂಡು ರಾಗ ನೀವೇ ಹಾಕಿ. ಜನಕ್ಕೆ ಸಾಲುಗಳು ಪರಿಚಿತ, ಹೆಸರು ಟೈಪ್ ಮಾಡಿ ಹುಡುಕುತ್ತಾರೆ, ಅಂದರೆ ಕವರ್‌ನಿಂದ ಸಿಗುವ ಲಾಭ ಸಿಗುತ್ತದೆ. ಸಂಯೋಜನೆ ಮತ್ತು ರೆಕಾರ್ಡಿಂಗ್ ಪೂರ್ತಿ ನಿಮ್ಮವು, ಸ್ಪಾಟಿಫೈಗೂ ಹೋಗುತ್ತದೆ, ಐಪಿಆರ್‌ಎಸ್ (ಹಾಡು ಬರೆದವರ, ರಾಗ ಕಟ್ಟಿದವರ ಪರವಾಗಿ ರಾಯಧನ ವಸೂಲಿ ಮಾಡುವ ಸಂಸ್ಥೆ) ಸದಸ್ಯರಾದರೆ ಸಂಯೋಜಕರಾಗಿ ನೋಂದಾಯಿಸಬಹುದು. ನಿಮ್ಮ ಮೂರು ಕವರ್‌ಗಳಲ್ಲಿ ಒಂದಾದರೂ ಈ ಬಗೆಯದ್ದಾಗಿರಲಿ ಅನ್ನುವುದು ನನ್ನ ಆಸೆ.

ಇಂಥ ಪದಕ್ಕೂ ತಪ್ಪು ಕ್ಲೇಮ್ ಬರಬಹುದು. ಐದು ದಿನದೊಳಗೆ ಡಿಸ್ಪ್ಯೂಟ್ (ಆಕ್ಷೇಪ) ಹಾಕಿ, ಪದ ಯಾರದ್ದು, ತೀರಿಕೊಂಡ ವರ್ಷ, ರಾಗ ಮತ್ತು ರೆಕಾರ್ಡಿಂಗ್ ನಿಮ್ಮದು ಅಂತ ಮೂರು ಸಾಲು ಬರೆಯಿರಿ. ಎದುರಿನವರಿಗೆ ಉತ್ತರಿಸಲು 30 ದಿನ, ಉತ್ತರ ಬಾರದಿದ್ದರೆ ಕ್ಲೇಮ್ ತಾನೇ ಬಿದ್ದುಹೋಗುತ್ತದೆ. ಸಿನಿಮಾ ಹಾಡಿಗೆ ಬಂದ ಕ್ಲೇಮ್‌ಗೆ ಮಾತ್ರ ಡಿಸ್ಪ್ಯೂಟ್ ಹಾಕಬೇಡಿ, ಅದು ಸರಿಯಾದ ಕ್ಲೇಮ್. ಜಗ್ಗಾಡಿದರೆ ಸ್ಟ್ರೈಕ್‌ವರೆಗೆ ಹೋಗುತ್ತದೆ.

ತಾಳಮಾಲೆ

ನವೆಂಬರ್ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ರಾಜ್ಯೋತ್ಸವಕ್ಕೆ ಬಡಾವಣೆಯ ಸಂಘಗಳು, ಅಪಾರ್ಟ್‌ಮೆಂಟ್‌ಗಳು, ಐಟಿ ಕಂಪನಿಗಳ ಕನ್ನಡ ಬಳಗಗಳು ತಿಂಗಳಿಡೀ ಕಾರ್ಯಕ್ರಮ ಮಾಡುತ್ತವೆ, ಚಿಕ್ಕ ತಂಡ ಹುಡುಕುತ್ತಿರುತ್ತವೆ. ಸೆಪ್ಟೆಂಬರ್ ಕೊನೆಯೊಳಗೆ ಅವರಿಗೆ ಕವರ್ ವಿಡಿಯೋ ಕಳಿಸಿ. 45 ನಿಮಿಷಕ್ಕೆ ಒಂಬತ್ತು ಹಾಡು ಹಿಡಿಸುತ್ತದೆ. ನಿಮ್ಮವು ಮೂರನೆಯದು ಮತ್ತು ಏಳನೆಯದು, ಎಲ್ಲರೂ ಎದ್ದು ಹೊರಡುವ ಕೊನೆಯಲ್ಲಿ ಬೇಡ. ವೇದಿಕೆಯಲ್ಲಿ ಹಾಡುವುದಕ್ಕೆ ಐಪಿಆರ್‌ಎಸ್ ಪರವಾನಗಿ ಪಡೆಯುವುದು ಆಯೋಜಕರ ಕೆಲಸ, ಮೊದಲೇ ನೆನಪಿಸಿ.

ನವೆಂಬರ್ ಹಾಡನ್ನು ಡಿಸ್ಟ್ರಿಬ್ಯೂಟರ್‌ಗೆ ನಾಲ್ಕು ವಾರ ಮೊದಲೇ ಕಳಿಸಿ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ ಪಿಚ್ (ಹಾಡನ್ನು ಪರಿಗಣಿಸಿ ಎಂಬ ಕೋರಿಕೆ) ಹಾಕಿದರೆ ನಿಮ್ಮನ್ನು ಫಾಲೋ ಮಾಡುವವರ ರಿಲೀಸ್ ರೇಡಾರ್‌ಗೆ (ಹೊಸ ಹಾಡುಗಳ ಪಟ್ಟಿ) ಆ ಹಾಡೇ ಹೋಗುತ್ತದೆ. ರೆಡಿಮೇಡ್ ಲೂಪ್ (ಎಲ್ಲರಿಗೂ ಸಿಗುವ, ಮೊದಲೇ ರೆಕಾರ್ಡ್ ಆದ ಸದ್ದಿನ ತುಣುಕು) ಏನಾದರೂ ಬಳಸಿದ್ದರೆ ಡಿಸ್ಟ್ರಿಬ್ಯೂಟರ್‌ನ ಫಾರಂನಲ್ಲಿ ಕಂಟೆಂಟ್ ಐಡಿ ಗುರುತು ಹಾಕಬೇಡಿ, ಅದೇ ಲೂಪ್ ಬಳಸಿದ ಬೇರೆಯವರ ಹಾಡಿನ ಮೇಲೆಲ್ಲ ನಿಮ್ಮ ಹೆಸರಿನಲ್ಲಿ ಕ್ಲೇಮ್ ಬೀಳುತ್ತದೆ.